ಬೀದಿಯ ಚಿಕ್ಕ ಅಂಗಡಿಗೆ ಮದ್ಯ ಮಾರಾಟದ ಪರವಾನಗಿ: ಇಂಗ್ಲೆಂಡಿನಲ್ಲಿ ಆಕ್ಷೇಪಣೆ ಸಲ್ಲಿಸುವ ಕ್ರಮ ಹೇಗೆ?

ಪ್ರಶ್ನೆ: ಬೇಲಿಹೂ

ಎಲ್ಲರಿಗೂ ನಮಸ್ಕಾರ. ನಾವು ಇರುವುದು ದಕ್ಷಿಣ ಇಂಗ್ಲೆಂಡಿನ ಒಂದು ಪಟ್ಟಣದಲ್ಲಿ. ನಮ್ಮ ಬೀದಿಯ ತಿರುವಿನಲ್ಲಿ ಒಂದು ಚಿಕ್ಕ ಅಂಗಡಿಯಿದೆ. ಹಾಲು, ಬ್ರೆಡ್ಡು, ಪತ್ರಿಕೆ, ಲಾಟರಿ ಚೀಟಿಗಳ ಜೊತೆಗೆ ತೊಗರಿಬೇಳೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಕೂಡ ಸಿಗುವುದರಿಂದ ಸುತ್ತಮುತ್ತಲಿನ ಭಾರತೀಯ ಮನೆಗಳಿಗೆಲ್ಲ ಅದೇ ಆಧಾರ. ಕಳೆದ ವಾರ ಅದರ ಕಿಟಕಿಯ ಗಾಜಿಗೆ ತಿಳಿನೀಲಿ ಹಾಳೆಯೊಂದನ್ನು ಅಂಟಿಸಿದ್ದು ಕಣ್ಣಿಗೆ ಬಿತ್ತು. ಲಾಟರಿಯ ಜಾಹೀರಾತಿನ ಹಿಂದೆ ಅರ್ಧ ಮರೆಯಾಗಿದ್ದ ಅದನ್ನು ಬಗ್ಗಿ ಓದಿದಾಗ, ಪ್ರತಿದಿನ ಬೆಳಿಗ್ಗೆ 6ರಿಂದ ರಾತ್ರಿ 12ರವರೆಗೆ ಮದ್ಯ ಮಾರಲು ಪರವಾನಗಿ ಕೋರಿ ಕೌನ್ಸಿಲ್‌ಗೆ ಅರ್ಜಿ ಸಲ್ಲಿಸಲಾಗಿದೆ ಎಂದು ತಿಳಿಯಿತು. ಗಿರಾಕಿಗಳು ಕೊಂಡು ಹೊರಗೆ ಒಯ್ಯುವ ಮಾರಾಟವಷ್ಟೆ. ಅಂಗಡಿಯಲ್ಲಿ ಕುಳಿತು ಕುಡಿಯುವಂತಿಲ್ಲ.

ಅಂಗಡಿಯ ಎದುರಿಗೆ ಪ್ರಾಥಮಿಕ ಶಾಲೆಯಿದೆ. ಪಕ್ಕದ ಬಸ್ ನಿಲ್ದಾಣದ ಬೆಂಚಿನ ಮೇಲೆ ಈಗಲೇ ರಾತ್ರಿಯ ಹೊತ್ತು ಕೆಲವರು ಕುಳಿತು ಕುಡಿಯುತ್ತಾರೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು ಹೋಗುವಾಗ ಬೇಲಿಯ ಬುಡದಲ್ಲಿ ಖಾಲಿ ಡಬ್ಬಿಗಳು ಬಿದ್ದಿರುತ್ತವೆ. ಇದೇ ಬೀದಿಯಲ್ಲಿ ಇನ್ನೆರಡು ಅಂಗಡಿಗಳು ಈಗಾಗಲೇ ಮದ್ಯ ಮಾರುತ್ತಿರುವಾಗ ಮೂರನೆಯದು ಏಕೆ ಬೇಕು ಎಂಬುದು ನೆರೆಹೊರೆಯವರ ಪ್ರಶ್ನೆ. ನಾವು ಆಕ್ಷೇಪಣೆ ಸಲ್ಲಿಸಿದರೆ ಕೌನ್ಸಿಲ್ ಅದನ್ನು ನಿಜವಾಗಿ ಪರಿಗಣಿಸುತ್ತದೆಯೇ? ಬೀದಿಯವರೆಲ್ಲ ಸಹಿ ಹಾಕಿ ಒಂದೇ ಮನವಿ ಕೊಟ್ಟರೆ ತೂಕ ಹೆಚ್ಚಾಗುತ್ತದೆಯೇ? ನನ್ನ ಹೆಸರು ಅಂಗಡಿಯವರಿಗೆ ತಿಳಿಯುತ್ತದೆಯೇ ಎಂಬ ಅಳುಕೂ ಇದೆ. ಅವರು ಒಳ್ಳೆಯ ಜನ; ಸೊಪ್ಪು ಬಂದ ದಿನ ನಮಗಾಗಿ ಒಂದು ಕಟ್ಟು ಎತ್ತಿಟ್ಟಿರುತ್ತಾರೆ. ಅವರ ವ್ಯಾಪಾರ ಕೆಡಬೇಕೆಂಬುದು ನನ್ನ ಉದ್ದೇಶವಲ್ಲ.

ಉತ್ತರ 1: ಕಡತದಮನೆ

ಬೇಲಿಹೂ ಅವರೇ, ನಾನು ಬೇರೊಂದು ಊರಿನ ಕೌನ್ಸಿಲ್‌ನಲ್ಲಿ ಪರವಾನಗಿ ವಿಭಾಗದ ಕೆಲಸ ಮಾಡುತ್ತೇನೆ. ನಿಮ್ಮ ಊರಿನ ಅರ್ಜಿಯ ಬಗ್ಗೆ ನಾನು ಏನನ್ನೂ ಹೇಳಲಾರೆ. ಕ್ರಮ ಮಾತ್ರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಕಡೆಯೂ ಒಂದೇ.

2003ರ ಲೈಸೆನ್ಸಿಂಗ್ ಕಾಯ್ದೆ 2005ರ ನವೆಂಬರ್ 24ರಂದು ಪೂರ್ಣವಾಗಿ ಜಾರಿಗೆ ಬಂದಾಗ, ಮದ್ಯದ ಪರವಾನಗಿ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಿಂದ ಸ್ಥಳೀಯ ಕೌನ್ಸಿಲ್‌ಗಳಿಗೆ ವರ್ಗವಾಯಿತು. ಜನರಿಂದ ಆಯ್ಕೆಯಾದ ಸದಸ್ಯರ ಕೈಗೆ ಅಧಿಕಾರ ಬಂದಿದೆ ಎಂದ ಮಾತ್ರಕ್ಕೆ ಅವರು ಬಹುಮತ ನೋಡಿ ತೀರ್ಮಾನಿಸಬಹುದು ಎಂದು ಹಲವರು ಭಾವಿಸುತ್ತಾರೆ. ಕಾಯ್ದೆ ಅದಕ್ಕೆ ಎಡೆಗೊಟ್ಟಿಲ್ಲ. ಅವರು ನೋಡಬೇಕಾದದ್ದು ನಾಲ್ಕು ಉದ್ದೇಶಗಳನ್ನು ಮಾತ್ರ: ಅಪರಾಧ ಮತ್ತು ಅಶಾಂತಿಯ ತಡೆ, ಸಾರ್ವಜನಿಕ ಸುರಕ್ಷತೆ, ಸಾರ್ವಜನಿಕ ಕಿರಿಕಿರಿಯ ತಡೆ, ಮಕ್ಕಳಿಗೆ ಹಾನಿಯಾಗದಂತೆ ರಕ್ಷಣೆ. ನಿಮ್ಮ ಪತ್ರದ ಪ್ರತಿಯೊಂದು ಮಾತೂ ಈ ನಾಲ್ಕರಲ್ಲಿ ಒಂದಕ್ಕೆ ತಗುಲಿಕೊಂಡಿರಬೇಕು.

ಹೀಗಾಗಿ 'ಮೂರನೆಯ ಅಂಗಡಿ ಏಕೆ ಬೇಕು' ಎಂಬ ವಾದವನ್ನು ದಯವಿಟ್ಟು ಬರೆಯಬೇಡಿ. ಬೀದಿಗೆ ಎಷ್ಟು ಅಂಗಡಿಗಳು ಬೇಕು ಎಂಬುದು ಮಾರುಕಟ್ಟೆಗೆ ಮತ್ತು ನಗರ ಯೋಜನೆಗೆ ಸಂಬಂಧಿಸಿದ್ದು, ಪರವಾನಗಿ ಪ್ರಾಧಿಕಾರದ ವಿಚಾರವಲ್ಲ ಎಂದು ಕಾಯ್ದೆಯ 182ನೇ ಸೆಕ್ಷನ್ ಅಡಿಯಲ್ಲಿ ಗೃಹ ಇಲಾಖೆ ಹೊರಡಿಸುವ ಮಾರ್ಗಸೂಚಿಯೇ ಹೇಳುತ್ತದೆ. ಕುಡಿತ ಕೆಟ್ಟದ್ದು, ನಮ್ಮ ಸಂಸ್ಕೃತಿಗೆ ಒಗ್ಗದ್ದು ಎಂಬ ಮಾತುಗಳಿಗೂ ಅಲ್ಲಿ ಬೆಲೆಯಿಲ್ಲ. ಇದಕ್ಕೆ ಒಂದು ಅಪವಾದವಿದೆ. ನಿಮ್ಮ ಬೀದಿ ಇರುವ ಪ್ರದೇಶಕ್ಕೆ ಕೌನ್ಸಿಲ್ 'ಸಂಚಿತ ಪರಿಣಾಮದ ಮೌಲ್ಯಮಾಪನ'ವನ್ನು ಪ್ರಕಟಿಸಿದ್ದರೆ, ಅಂದರೆ ಇಲ್ಲಿ ಪರವಾನಗಿಗಳು ಈಗಾಗಲೇ ಅತಿಯಾಗಿ ತೊಂದರೆ ಉಂಟಾಗಿದೆ ಎಂದು ದಾಖಲೆ ಸಹಿತ ಒಪ್ಪಿಕೊಂಡಿದ್ದರೆ, ತನ್ನ ಅಂಗಡಿಯಿಂದ ಆ ತೊಂದರೆ ಹೆಚ್ಚಾಗುವುದಿಲ್ಲ ಎಂದು ತೋರಿಸುವ ಭಾರ ಬಹುಮಟ್ಟಿಗೆ ಅರ್ಜಿದಾರರ ಮೇಲೆ ಬೀಳುತ್ತದೆ. 2018ರ ಏಪ್ರಿಲ್‌ನಿಂದ ಇದಕ್ಕೆ ಕಾಯ್ದೆಯಲ್ಲಿಯೇ ಸ್ಥಾನ ದೊರೆತಿದೆ. ಕೌನ್ಸಿಲ್‌ನ ಜಾಲತಾಣದಲ್ಲಿರುವ ಪರವಾನಗಿ ನೀತಿಯನ್ನು ತೆರೆದು, ನಿಮ್ಮ ಬೀದಿ ಅದರ ನಕ್ಷೆಯೊಳಗೆ ಬರುತ್ತದೆಯೇ ಎಂದು ಮೊದಲು ನೋಡಿ.

ಆ ನೀಲಿ ಹಾಳೆ ಅರ್ಧ ಮುಚ್ಚಿಹೋಗಿದೆ ಎಂದಿರಿ. ಅದು ಹೊರಗಿನಿಂದ ಸುಲಭವಾಗಿ ಓದುವಂತೆ 28 ದಿನ ಪೂರ್ತಿ ಕಾಣಿಸುತ್ತಿರಬೇಕು. ಅಕ್ಷರದ ಗಾತ್ರ 16ಕ್ಕಿಂತ ಕಡಿಮೆ ಇರಬಾರದು ಎಂಬಷ್ಟು ವಿವರ ನಿಯಮದಲ್ಲಿದೆ. ಸ್ಥಳೀಯ ಪತ್ರಿಕೆಯಲ್ಲಿಯೂ ಪ್ರಕಟಣೆ ಬರಬೇಕು. ಒಂದು ಫೋಟೋ ತೆಗೆದು ಪರವಾನಗಿ ಅಧಿಕಾರಿಗೆ ಇಮೇಲ್ ಮಾಡಿದರೆ ಸಾಕು, ಅದನ್ನು ಸರಿಪಡಿಸಲು ಅವರು ಹೇಳುತ್ತಾರೆ. ಕೆಲವೊಮ್ಮೆ ದಿನಗಳ ಎಣಿಕೆಯೇ ಹೊಸದಾಗಿ ಆರಂಭವಾಗುವುದೂ ಉಂಟು. ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ. ಹಾಳೆಯಲ್ಲಿರುವ ಕೊನೆಯ ದಿನಾಂಕದೊಳಗೆ ಒಂದೇ ಒಂದು ಸಕ್ರಮ ಆಕ್ಷೇಪಣೆಯೂ ಬಾರದಿದ್ದರೆ ಅರ್ಜಿಯನ್ನು ನಿರಾಕರಿಸುವ ಅಧಿಕಾರ ಕೌನ್ಸಿಲ್‌ಗೆ ಇಲ್ಲ. ಯಾವ ಸಭೆಯೂ ನಡೆಯುವುದಿಲ್ಲ, ಪರವಾನಗಿಯನ್ನು ಕೊಡಲೇಬೇಕು. ತಡವಾಗಿ ಬಂದ ಪತ್ರ ಎಷ್ಟೇ ಚೆನ್ನಾಗಿದ್ದರೂ ಅದನ್ನು ಸ್ವೀಕರಿಸುವಂತಿಲ್ಲ.

ಸಹಿ ಸಂಗ್ರಹದ ಬಗ್ಗೆ: ಅದಕ್ಕೆ ಅಡ್ಡಿಯಿಲ್ಲ, ಪ್ರತಿಯೊಬ್ಬರ ಹೆಸರು ಮತ್ತು ವಿಳಾಸ ಇರಬೇಕು. ಆದರೆ ಮೂವತ್ತು ಸಹಿಗಳಿರುವ ಒಂದು ಹಾಳೆಗಿಂತ, ತಾವೇ ಕಂಡದ್ದನ್ನು ದಿನಾಂಕ ಸಹಿತ ಬರೆದ ನಾಲ್ಕು ಪ್ರತ್ಯೇಕ ಪತ್ರಗಳನ್ನು ಸದಸ್ಯರು ಹೆಚ್ಚು ಗಮನವಿಟ್ಟು ಓದುತ್ತಾರೆ ಎಂಬುದು ನಾನು ಕಂಡುಕೊಂಡಿರುವ ವಿಷಯ. ಕೇವಲ ಆತಂಕದ ಮೇಲೆ ತೀರ್ಮಾನ ನಿಲ್ಲದು, ಅದಕ್ಕೆ ಆಧಾರ ಬೇಕು ಎಂಬುದನ್ನು ವಾಯವ್ಯ ಇಂಗ್ಲೆಂಡಿನ ವಿರಲ್‌ಗೆ ಸಂಬಂಧಿಸಿದ, ಥ್ವೈಟ್ಸ್ ಎಂಬ ಮದ್ಯ ಕಂಪನಿಯ ಪ್ರಕರಣದಲ್ಲಿ ಹೈಕೋರ್ಟ್ 2008ರಲ್ಲಿಯೇ ಖಚಿತವಾಗಿ ಹೇಳಿದೆ. ಅರ್ಜಿದಾರರ ಪರ ವಕೀಲರು ಸಭೆಗೆ ಬಂದರೆ ಆ ಪ್ರಕರಣದ ಹೆಸರನ್ನು ಹೇಳದೆ ಹೋಗುವುದು ಅಪರೂಪ.

ಹೆಸರಿನ ವಿಚಾರದಲ್ಲಿ ನಿಮ್ಮ ಅಳುಕು ಸಹಜವಾದದ್ದು. ಆಕ್ಷೇಪಣೆಯ ಪ್ರತಿ ಅರ್ಜಿದಾರರಿಗೆ ಹೋಗುತ್ತದೆ, ಸಾಮಾನ್ಯವಾಗಿ ಹೆಸರು ವಿಳಾಸಗಳ ಸಮೇತ. ಬೆದರಿಕೆಯ ನಿಜವಾದ ಭಯವಿದ್ದಾಗ ಮಾತ್ರ ಅವನ್ನು ಮರೆಮಾಡಲು ಅವಕಾಶವಿದೆ. ನಿಮ್ಮದು ಅಂತಹ ಸಂದರ್ಭವಲ್ಲ ಎಂದು ತೋರುತ್ತದೆ.

ಉತ್ತರ 2: ಗಲ್ಲಾಪೆಟ್ಟಿಗೆ

ನಾನು ಆಚೆ ಬದಿಯವನು. ಮಿಡ್‌ಲ್ಯಾಂಡ್ಸ್‌ನಲ್ಲಿ ನಮ್ಮದೂ ಇಂತಹುದೇ ಅಂಗಡಿ. ಮದ್ಯದ ಪರವಾನಗಿಯೂ ಇದೆ. ಕಡತದಮನೆ ಅವರು ಹೇಳಿದ ಕ್ರಮವೆಲ್ಲ ಸರಿ, ಆದರೆ ಆ ನೀಲಿ ಹಾಳೆಯ ಹಿಂದೆ ನಿಂತವನ ಲೆಕ್ಕವನ್ನೂ ಓದುಗರು ಕೇಳಬೇಕು.

ಪತ್ರಿಕೆ ಕೊಳ್ಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. 2015ರ ಏಪ್ರಿಲ್‌ನಿಂದ ಚಿಕ್ಕ ಅಂಗಡಿಗಳಲ್ಲಿಯೂ ಸಿಗರೇಟನ್ನು ಕಣ್ಣಿಗೆ ಕಾಣುವಂತೆ ಇಡುವುದು ನಿಂತುಹೋಯಿತು; 2025ರ ಜೂನ್ 1ರಿಂದ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟಕ್ಕೂ ನಿಷೇಧ ಬಂದಿತು. ಇವೆರಡೂ ಸರಿಯಾದ ಕ್ರಮಗಳೆಂದೇ ನನ್ನ ಅಭಿಪ್ರಾಯ, ಆದರೆ ಗಲ್ಲಾ ಅಷ್ಟಷ್ಟೇ ಹಗುರವಾಗಿದೆ. ಭಾನುವಾರ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಆರು ಗಂಟೆ ಮಾತ್ರ ತೆರೆಯಬೇಕೆಂಬ 1994ರ ಕಾಯ್ದೆ ನಮ್ಮಂತಹವರಿಗೆ ಒಂದು ಆಸರೆಯಾಗಿತ್ತು. ಈಗ ಟೆಸ್ಕೋ, ಸೇನ್ಸ್‌ಬರಿಯಂತಹ ದೊಡ್ಡ ಕಂಪನಿಗಳೇ ಆ ಅಳತೆಯೊಳಗಿನ ಚಿಕ್ಕ ಮಳಿಗೆಗಳನ್ನು ಬೀದಿ ಬೀದಿಗೆ ತೆರೆದಿವೆ, ಅಲ್ಲಿ ವೈನ್ ಇದ್ದೇ ಇರುತ್ತದೆ. ಸಂಜೆ ಕೆಲಸದಿಂದ ಬರುವ ಗಿರಾಕಿ ಹಾಲು, ಮೊಟ್ಟೆ, ಒಂದು ಬಾಟಲಿ ವೈನ್ ಮೂರನ್ನೂ ಒಂದೇ ಕಡೆ ಕೊಳ್ಳಲು ನೋಡುತ್ತಾನೆ. ವೈನ್ ಇಲ್ಲದ ಅಂಗಡಿಯಲ್ಲಿ ಅವನು ಹಾಲನ್ನೂ ಕೊಳ್ಳುವುದಿಲ್ಲ. ಬೇಲಿಹೂ ಅವರಿಗೆ ಸೊಪ್ಪು ಎತ್ತಿಡುವ ಅಂಗಡಿ ಮುಂದಿನ ವರ್ಷವೂ ತೆರೆದಿರಬೇಕಾದರೆ ಬಹುಶಃ ಈ ಪರವಾನಗಿಯೇ ಅದಕ್ಕೆ ದಾರಿ.

ಶುಲ್ಕ ದೊಡ್ಡದಲ್ಲ, ನಿಜ. ಅಂಗಡಿಯ ತೆರಿಗೆ ಮೌಲ್ಯ (ತೆರಿಗೆಗಾಗಿ ಸರ್ಕಾರ ಅಂದಾಜಿಸುವ ವಾರ್ಷಿಕ ಬಾಡಿಗೆ) 4,301ರಿಂದ 33,000 ಪೌಂಡ್‌ಗಳ ನಡುವೆ ಇದ್ದರೆ ಅರ್ಜಿಗೆ 190 ಪೌಂಡ್, ಆಮೇಲೆ ವರ್ಷಕ್ಕೆ 180 ಪೌಂಡ್. ಭಾರವಿರುವುದು ಜವಾಬ್ದಾರಿಯಲ್ಲಿ. ತರಬೇತಿ ಮುಗಿಸಿ ಸ್ವಂತ ಹೆಸರಿನಲ್ಲಿ ವೈಯಕ್ತಿಕ ಪರವಾನಗಿ ಪಡೆದ ಒಬ್ಬರು ಅಂಗಡಿಯ ಮೇಲ್ವಿಚಾರಕರಾಗಿ ದಾಖಲಾಗಿರಬೇಕು. ಇಪ್ಪತ್ತೈದಕ್ಕಿಂತ ಚಿಕ್ಕವರಂತೆ ಕಾಣುವ ಪ್ರತಿಯೊಬ್ಬರ ಗುರುತಿನ ಚೀಟಿ ಕೇಳುವ ಪದ್ಧತಿಯನ್ನು ನಾವು ಪಾಲಿಸುತ್ತೇವೆ. ಅಂಗಡಿಗಳ ಮೇಲೆ ಕಣ್ಣಿಡುವ ಕೌನ್ಸಿಲ್‌ನ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ವಿಭಾಗದವರು ಹದಿನೆಂಟು ತುಂಬದ ಹುಡುಗರನ್ನೇ ಗಿರಾಕಿಗಳಂತೆ ಕಳುಹಿಸಿ ಪರೀಕ್ಷಿಸುತ್ತಾರೆ. ಮೂರು ತಿಂಗಳೊಳಗೆ ಎರಡು ಬಾರಿ ತಪ್ಪಿದರೆ ಪರವಾನಗಿಗೇ ಕುತ್ತು.

ಗಲ್ಲಾದ ಕೆಳಗೆ ನಾವು ಒಂದು ನಿರಾಕರಣೆಯ ಪುಸ್ತಕ ಇಟ್ಟಿರುತ್ತೇವೆ. ಯಾರಿಗೆ ಮಾರಲಿಲ್ಲ, ಯಾವ ಹೊತ್ತಿಗೆ, ಏನು ಕೇಳಿದರು, ಯಾವ ಬಣ್ಣದ ಕೋಟು ತೊಟ್ಟಿದ್ದರು, ಮಾರಲು ಒಪ್ಪದವರ ಸಹಿ, ಇಷ್ಟನ್ನೂ ಅದರಲ್ಲಿ ಬರೆಯಬೇಕು. ಆ ಪುಸ್ತಕ ಖಾಲಿಯಿದ್ದರೆ ಅಧಿಕಾರಿಗೆ ಸಮಾಧಾನವಾಗುವುದಿಲ್ಲ, ಅನುಮಾನ ಬರುತ್ತದೆ. ಅಮಲಿನಲ್ಲಿರುವವರಿಗೆ ಮಾರುವುದೂ ಅಪರಾಧವೇ. ರಾತ್ರಿ ಹತ್ತರ ಮೇಲೆ ಅಂತಹವರಿಗೆ 'ಇಲ್ಲ' ಎನ್ನಬೇಕಾದವರು ಒಂಟಿಯಾಗಿ ಗಲ್ಲಾದಲ್ಲಿ ಕುಳಿತ ನನ್ನ ಹೆಂಡತಿ ಅಥವಾ ನಾನು. ಈ ಕಾರಣಕ್ಕೇ ನಾವು ಹನ್ನೊಂದರ ತನಕ ಅನುಮತಿಯಿದ್ದರೂ ಹತ್ತಕ್ಕೆ ಬಾಗಿಲು ಹಾಕುತ್ತೇವೆ.

ನನ್ನದೊಂದು ವಿನಂತಿ. ಪತ್ರ ಬರೆಯುವ ಮುನ್ನ ಅಂಗಡಿಯವರೊಡನೆ ಮಾತನಾಡಿ. ಬೆಳಿಗ್ಗೆ 6ರಿಂದ ರಾತ್ರಿ 12 ಎಂಬುದು ಹೆಚ್ಚಿನ ಸಂದರ್ಭಗಳಲ್ಲಿ ಅಂಗಡಿಯವರ ಬಯಕೆಯೇ ಆಗಿರುವುದಿಲ್ಲ; ಅರ್ಜಿ ತುಂಬಿಕೊಡುವ ಏಜೆಂಟರು 'ಹೆಚ್ಚು ಕೇಳೋಣ, ಕಡಿಮೆ ಮಾಡಿದರೆ ಮಾಡಲಿ' ಎಂದು ಬರೆದಿರುತ್ತಾರೆ.

ಉತ್ತರ 3: ಕ್ಲೈಡ್ ದಂಡೆ

ಗ್ಲಾಸ್ಗೋದಲ್ಲಿ ವೈದ್ಯನಾಗಿರುವ ನನಗೆ ಈ ಚರ್ಚೆಯಲ್ಲಿ ಒಂದು ಕೊರತೆ ಕಾಣುತ್ತದೆ. ಮೇಲೆ ಹೇಳಿದ ನಾಲ್ಕು ಉದ್ದೇಶಗಳಲ್ಲಿ ಆರೋಗ್ಯವೇ ಇಲ್ಲ. ಸ್ಕಾಟ್ಲೆಂಡಿನ ಪ್ರತ್ಯೇಕ ಕಾಯ್ದೆಯಲ್ಲಿ, 2009ರ ಸೆಪ್ಟೆಂಬರ್‌ನಿಂದ ಪೂರ್ಣವಾಗಿ ಜಾರಿಯಲ್ಲಿರುವ 2005ರ ಕಾಯ್ದೆಯಲ್ಲಿ, ಸಾರ್ವಜನಿಕ ಆರೋಗ್ಯದ ರಕ್ಷಣೆ ಐದನೆಯ ಉದ್ದೇಶ. ಇಲ್ಲಿ ಯಾವ ಅಂಗಡಿಯೂ ಬೆಳಿಗ್ಗೆ 10ಕ್ಕೆ ಮುಂಚೆ, ರಾತ್ರಿ 10ರ ಬಳಿಕ ಮದ್ಯ ಮಾರುವಂತಿಲ್ಲ. ಅದು ಕಾನೂನೇ ಹಾಕಿದ ಗೆರೆ, ಬೀದಿಬೀದಿಗೂ ವಾದಿಸಬೇಕಾಗಿಲ್ಲ. ಒಂದು ಪ್ರದೇಶದಲ್ಲಿ ಪರವಾನಗಿಗಳು ಅತಿಯಾಗಿವೆ ಎಂಬ ಕಾರಣಕ್ಕೇ ಮಂಡಳಿ ಅರ್ಜಿಯನ್ನು ನಿರಾಕರಿಸಬಹುದು. ಬೇಲಿಹೂ ಅವರ ನೆರೆಹೊರೆಯವರ 'ಮೂರನೆಯದು ಏಕೆ' ಎಂಬ ಪ್ರಶ್ನೆಗೆ ಗಡಿಯ ಈಚೆ ಬೆಲೆಯಿದೆ.

ಬೆಲೆಯ ವಿಚಾರವೂ ಹಾಗೆಯೇ. 2018ರ ಮೇ 1ರಿಂದ ಇಲ್ಲಿ ಒಂದು ಯೂನಿಟ್ (ಅಂದರೆ 10 ಮಿಲಿಲೀಟರ್ ಶುದ್ಧ ಆಲ್ಕೋಹಾಲ್ ಇರುವಷ್ಟು) ಮದ್ಯವನ್ನು 50 ಪೆನ್ಸ್‌ಗಿಂತ ಕಡಿಮೆಗೆ ಮಾರುವಂತಿರಲಿಲ್ಲ. 2024ರ ಸೆಪ್ಟೆಂಬರ್ 30ರಿಂದ ಆ ಕನಿಷ್ಠ ಬೆಲೆ 65 ಪೆನ್ಸ್ ಆಗಿದೆ. ಮದ್ಯವೇ ನೇರ ಕಾರಣವಾದ ಸಾವುಗಳು ಈ ಕ್ರಮದಿಂದ ಶೇಕಡಾ 13.4ರಷ್ಟು ಕಡಿಮೆಯಾದವು ಎಂಬ ಅಂದಾಜನ್ನು 2023ರಲ್ಲಿ ಪಬ್ಲಿಕ್ ಹೆಲ್ತ್ ಸ್ಕಾಟ್ಲೆಂಡ್ ನೀಡಿತು. ಇಂಗ್ಲೆಂಡಿನಲ್ಲಿ ಅಂತಹ ಕನಿಷ್ಠ ಬೆಲೆಯಿಲ್ಲ. ಸುಂಕ ಮತ್ತು ವ್ಯಾಟ್ ಸೇರಿದ ಮೊತ್ತಕ್ಕಿಂತ ಕೆಳಗೆ ಮಾರಬಾರದು ಎಂಬ 2014ರ ಷರತ್ತು ಇದೆಯಾದರೂ ಅದು ಬಹಳ ಕೆಳಮಟ್ಟದ್ದು. ಕಡತದಮನೆ ಅವರು ಕಾನೂನನ್ನು ಇದ್ದಂತೆ ವಿವರಿಸಿದ್ದಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತಿರುವ ಆ ಮನುಷ್ಯನ ಯಕೃತ್ತಿನ ಬಗ್ಗೆ ಮಾತನಾಡಲು ಆ ಸಭೆಯಲ್ಲಿ ಯಾರಿಗೂ ಅವಕಾಶವಿಲ್ಲ ಎಂಬುದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ಉತ್ತರ 4: ಉಣಕಲ್ ಕೆರೆ

ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಶಾಲೆ ಎದುರಿಗೇ ಇರುವಾಗ ಅರ್ಜಿ ಇಷ್ಟು ದೂರ ಬಂದದ್ದಾದರೂ ಹೇಗೆ ಎಂದು ಆಶ್ಚರ್ಯವಾಯಿತು. ನಮ್ಮಲ್ಲಿ 1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮದ ಪ್ರಕಾರ ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರುವಂತಿಲ್ಲ. ಕಿರಾಣಿ ಅಂಗಡಿಗಂತೂ ಸನ್ನದು ಸಿಗುವ ಮಾತೇ ಇಲ್ಲ. ಬಾಟಲಿ ಮಾರುವುದು ಸಿಎಲ್-2 ಸನ್ನದಿನ ವೈನ್ ಶಾಪ್‌ಗಳು, ಅಥವಾ ಸರ್ಕಾರಿ ಸಂಸ್ಥೆಯಾದ ಎಂಎಸ್ಐಎಲ್‌ನ ಮಳಿಗೆಗಳು. 1992ರಿಂದ ಹೊಸ ಸಿಎಲ್-2 ಕೊಡುವುದು ನಿಂತಿದ್ದರಿಂದ ನಮ್ಮ ಬಡಾವಣೆಗಳಲ್ಲಿ ಜಗಳ ಹತ್ತುವುದು ಹೆಚ್ಚಾಗಿ ಹಳೆಯ ಸನ್ನದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ಥಳಾಂತರಿಸುವಾಗ. ಆಗ ಟೇಪು ಹಿಡಿದು ಗೇಟಿನಿಂದ ಅಳೆಯಬೇಕೋ ಕಟ್ಟಡದ ಗೋಡೆಯಿಂದಲೋ ಎಂಬುದರ ಮೇಲೆಯೇ ಪ್ರಕರಣ ನಿಲ್ಲುತ್ತದೆ. ಅಲ್ಲಿ ಅಂತಹ ಅಂತರದ ನಿಯಮವೇ ಇಲ್ಲವೇ?

ಉತ್ತರ 5: ಕಡತದಮನೆ

ಉಣಕಲ್ ಕೆರೆ ಅವರಿಗೆ: ಇಲ್ಲ. ಇಲ್ಲಿ ಮೀಟರಿನ ಲೆಕ್ಕವಿಲ್ಲ, ಶಾಲೆಯ ಸಾಮೀಪ್ಯವೊಂದೇ ನಿರಾಕರಣೆಗೆ ಕಾರಣವಾಗದು. ಹಾಲಿನ ಪಕ್ಕದ ಕಪಾಟಿನಲ್ಲಿಯೇ ವೈನ್ ಇರುವುದು ಇಲ್ಲಿನ ಜನರಿಗೆ ವಿಶೇಷವೆನಿಸುವುದಿಲ್ಲ. ಟೇಪಿನ ಜಗಳವಿಲ್ಲವೆಂಬುದು ಲಾಭ. ನಿವಾಸಿಗಳೇ ಆಧಾರ ಹುಡುಕಿ ತರಬೇಕಾಗಿರುವುದು ನಷ್ಟ.

ಕ್ಲೈಡ್ ದಂಡೆ ಅವರ ಅಸಮಾಧಾನದಲ್ಲಿ ನನ್ನದೂ ಪಾಲಿದೆ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಆರೋಗ್ಯ ನಿರ್ದೇಶಕರಿಗೆ ಅರ್ಜಿಯ ಪ್ರತಿ ಹೋಗುತ್ತದೆ, ಅವರು ಅಭಿಪ್ರಾಯವನ್ನೂ ಸಲ್ಲಿಸಬಹುದು; ಆದರೆ ಆರೋಗ್ಯದ ಅಂಕಿಅಂಶಗಳನ್ನು ಅಪರಾಧಕ್ಕೋ ಮಕ್ಕಳ ರಕ್ಷಣೆಗೋ ಜೋಡಿಸಿಯೇ ಬರೆಯಬೇಕಾದ ಸ್ಥಿತಿ ಅವರದು.

ಪ್ರಶ್ನೆ ಕೇಳಿದವರು: ಬೇಲಿಹೂ

ಎಲ್ಲರಿಗೂ ಧನ್ಯವಾದಗಳು. ಕೌನ್ಸಿಲ್‌ನ ನಕ್ಷೆ ನೋಡಿದೆ, ನಮ್ಮ ಬೀದಿ ಅದರೊಳಗೆ ಬರುವುದಿಲ್ಲ. ಗಲ್ಲಾಪೆಟ್ಟಿಗೆ ಅವರು ಹೇಳಿದಂತೆ ಅಂಗಡಿಯವರೊಡನೆಯೂ ಮಾತನಾಡಿದೆ. ಸಮಯದ ವಿಚಾರದಲ್ಲಿ ಅವರ ಊಹೆ ನಿಜವಾಯಿತು; ರಾತ್ರಿ ಹನ್ನೆರಡರವರೆಗೆ ತೆರೆದಿರುವ ಯೋಚನೆ ಅಂಗಡಿಯವರಿಗೆ ಇಲ್ಲ. ಬೆಂಚಿನ ಮೇಲೆ ಕೂರುವವರು ಕೊಳ್ಳುವ ಅಗ್ಗದ, ಪ್ರಬಲ ಬಿಯರ್ ಡಬ್ಬಿಗಳನ್ನು ತಾವು ತರುವುದಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರು. ಇಷ್ಟಾದ ಮೇಲೂ ಆಕ್ಷೇಪಣೆ ಬೇಕೇ? ಬಾಯಿಮಾತನ್ನು ನಂಬಿ ಸುಮ್ಮನಿದ್ದರೆ ಆಗದೇ?

ಉತ್ತರ 6: ಕಡತದಮನೆ

ಬಾಯಿಮಾತು ಅಂಗಡಿಯವರ ಸೌಜನ್ಯ, ಅದಕ್ಕೆ ಬೆಲೆ ಕೊಡಿ. ಆದರೆ ಪರವಾನಗಿ ಅಂಟಿಕೊಳ್ಳುವುದು ಕಟ್ಟಡಕ್ಕೆ. ನಾಳೆ ಅವರು ಅಂಗಡಿಯನ್ನು ಮಾರಿದರೆ ಕೊಂಡವರ ಹೆಸರಿಗೆ ಅದು ವರ್ಗವಾಗುತ್ತದೆ, ಆ ಹೊಸಬರಿಗೆ ನಿಮಗೆ ಕೊಟ್ಟ ಮಾತಿನ ಋಣವಿಲ್ಲ. ಆದ್ದರಿಂದ ಒಪ್ಪಿದ್ದನ್ನೆಲ್ಲ ಷರತ್ತುಗಳಾಗಿ ಪರವಾನಗಿಯೊಳಗೆ ಬರೆಸಿಕೊಳ್ಳಬೇಕು, ಅದಕ್ಕೆ ನಿಮ್ಮ ಪತ್ರ ಕೊನೆಯ ದಿನಾಂಕದೊಳಗೆ ಕೌನ್ಸಿಲ್ ತಲುಪಿರಬೇಕು.

ಪತ್ರದಲ್ಲಿ 'ಪರವಾನಗಿ ಬೇಡವೇ ಬೇಡ' ಎಂದು ಆರಂಭಿಸಬೇಡಿ. ನೀವು ಕಂಡದ್ದನ್ನು ದಿನಾಂಕ ಮತ್ತು ಹೊತ್ತಿನ ಸಮೇತ ಹೇಳಿ: ಬೆಂಚು, ಡಬ್ಬಿಗಳು, ಶಾಲೆ ಬಿಡುವ ವೇಳೆ. ಪೊಲೀಸರ ಜಾಲತಾಣದಲ್ಲಿ ಬೀದಿವಾರು ಅಪರಾಧಗಳ ನಕ್ಷೆಯಿದೆ, ಅದನ್ನೂ ಜೊತೆಗಿಡಿ. ಬೆಂಚಿನ ತೊಂದರೆ ಬೇರೆ ಅಂಗಡಿಗಳಿಂದ ಬಂದದ್ದು, ಇನ್ನೂ ಮಾರಾಟವನ್ನೇ ಆರಂಭಿಸದ ಅರ್ಜಿದಾರರನ್ನು ಅದಕ್ಕೆ ಹೊಣೆ ಮಾಡಲಾಗದು ಎಂಬ ಉತ್ತರ ಬಂದೇ ಬರುತ್ತದೆ. 'ತೊಂದರೆ ಈಗಾಗಲೇ ಇರುವ ಜಾಗದಲ್ಲಿ ಅದು ಹೆಚ್ಚದಂತೆ ಈ ಷರತ್ತುಗಳು ಬೇಕು' ಎಂದು ನೀವು ಬರೆದಿದ್ದರೆ ಆ ಉತ್ತರ ನಿಮಗೆ ತಾಗುವುದಿಲ್ಲ.

ಷರತ್ತುಗಳಲ್ಲಿ ಮೊದಲು ಸಮಯವನ್ನು ಕೇಳಿ. ಅಂಗಡಿ ತೆರೆದಿರುವಷ್ಟು ಹೊತ್ತೂ ಮದ್ಯ ಮಾರಲು ಬಿಡುವುದು ಸಾಮಾನ್ಯ ರೂಢಿ, ಅದನ್ನು ಮೊಟಕುಗೊಳಿಸಲು ಸಕಾರಣ ಬೇಕು ಎಂದು ಮಾರ್ಗಸೂಚಿ ಹೇಳುವುದರಿಂದ ನಿಮ್ಮ ದಿನಾಂಕಗಳ ಪಟ್ಟಿ ಕೆಲಸಕ್ಕೆ ಬರುವುದು ಇಲ್ಲಿಯೇ. ಆಮೇಲೆ ಶೇಕಡಾ 6.5ಕ್ಕಿಂತ ಪ್ರಬಲವಾದ ಬಿಯರ್ ಮತ್ತು ಸೈಡರ್ (ಸೇಬಿನ ರಸದ ಮದ್ಯ) ಮಾರಬಾರದೆಂಬುದು. ಇಪ್ಸ್‌ವಿಚ್‌ನಲ್ಲಿ 2012ರಲ್ಲಿ ಅಂಗಡಿಗಳು ಸ್ವಇಚ್ಛೆಯಿಂದ ಇಂತಹ ಪಾನೀಯಗಳನ್ನು ಕಪಾಟಿನಿಂದ ತೆಗೆದ ಮೇಲೆ ಇದು ಹಲವು ಊರುಗಳಿಗೆ ಹಬ್ಬಿತು. ನಿಮ್ಮ ಅಂಗಡಿಯವರೇ ಒಪ್ಪಿರುವುದರಿಂದ ಇಲ್ಲಿ ವಾದವೇ ಏಳಲಾರದು. ಬಿಡಿ ಡಬ್ಬಿಗಳನ್ನು ಮಾರದೆ ಕಟ್ಟಿನಲ್ಲಿಯೇ ಮಾರಬೇಕೆಂಬುದನ್ನೂ ಕೇಳಬಹುದು, ಏಕೆಂದರೆ ಕೊಂಡ ಕೂಡಲೇ ಬೆಂಚಿನ ಮೇಲೆ ಕುಳಿತು ಕುಡಿಯುವವರು ಕೊಳ್ಳುವುದು ಬಿಡಿ ಡಬ್ಬಿಗಳನ್ನೇ. 31 ದಿನಗಳ ಸಿಸಿಟಿವಿ ದಾಖಲೆ, ನಿರಾಕರಣೆಯ ಪುಸ್ತಕ ಇವೆಲ್ಲ ಬಹುತೇಕ ಅರ್ಜಿಯಲ್ಲಿಯೇ ಇರುತ್ತವೆ. ಕೌನ್ಸಿಲ್‌ನಿಂದ ಅರ್ಜಿಯ ಪ್ರತಿ ಪಡೆದು ನೋಡಿ.

ಇಷ್ಟಕ್ಕೆ ಅರ್ಜಿದಾರರು ಲಿಖಿತವಾಗಿ ಒಪ್ಪಿದರೆ ನೀವು ಆಕ್ಷೇಪಣೆಯನ್ನು ಹಿಂದಕ್ಕೆ ಪಡೆಯಬಹುದು. ಬೇರೆ ಯಾರ ಆಕ್ಷೇಪಣೆಯೂ ಉಳಿಯದಿದ್ದರೆ ವಿಚಾರಣೆಯ ಅಗತ್ಯವೇ ಬೀಳುವುದಿಲ್ಲ. ಒಪ್ಪದಿದ್ದರೆ ಅವಧಿ ಮುಗಿದ 20 ಕೆಲಸದ ದಿನಗಳೊಳಗೆ ಮೂವರು ಸದಸ್ಯರ ಉಪಸಮಿತಿಯ ಮುಂದೆ ವಿಚಾರಣೆ ಆರಂಭವಾಗಬೇಕು. ಅದರ ನೋಟಿಸು ಬಂದಾಗ, ನೀವು ಹಾಜರಾಗುತ್ತೀರೋ ಇಲ್ಲವೋ ಎಂಬುದನ್ನು ವಿಚಾರಣೆಗೆ ಐದು ಕೆಲಸದ ದಿನಗಳ ಮುಂಚೆ ತಿಳಿಸಲು ಮರೆಯಬೇಡಿ. ಪತ್ರದಲ್ಲಿ ಇಲ್ಲದ ಹೊಸ ದೂರನ್ನು ಅಲ್ಲಿ ಎತ್ತಲು ಬರುವುದಿಲ್ಲ. ಇರುವುದನ್ನು ವಿಸ್ತರಿಸಿ ಹೇಳಬಹುದು ಅಷ್ಟೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ 21 ದಿನಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸುವ ಹಕ್ಕು ನಿಮಗೂ ಇದೆ, ಆದರೆ ಸೋತರೆ ಎದುರಿನವರ ಖರ್ಚು ಮೈಮೇಲೆ ಬರುವ ಸಂಭವವಿರುವುದರಿಂದ ನಾನು ಅದನ್ನು ಸೂಚಿಸಲಾರೆ. ಪರವಾನಗಿ ಸಿಕ್ಕ ಮೇಲೆ ನಿಜವಾಗಿಯೂ ತೊಂದರೆ ಕಂಡುಬಂದರೆ ಅದರ ಮರುಪರಿಶೀಲನೆಯನ್ನು ಯಾವ ನಿವಾಸಿಯಾದರೂ ಕೋರಬಹುದು, ಅದಕ್ಕೆ ಶುಲ್ಕವಿಲ್ಲ. ಷರತ್ತು ಬಿಗಿಗೊಳಿಸುವುದರಿಂದ ಹಿಡಿದು ಪರವಾನಗಿ ರದ್ದುಮಾಡುವವರೆಗೆ ಉಪಸಮಿತಿಗೆ ಆಗ ಅಧಿಕಾರವಿರುತ್ತದೆ.

ಉತ್ತರ 7: ಗಲ್ಲಾಪೆಟ್ಟಿಗೆ

ಬಿಡಿ ಡಬ್ಬಿಗಳ ಷರತ್ತಿಗೆ ಮಾತ್ರ ನನ್ನ ತಕರಾರಿದೆ. ಕೆಲಸ ಮುಗಿಸಿ ಮನೆಗೆ ಹೋಗುವ ವಯಸ್ಸಾದ ಗಿರಾಕಿಯೊಬ್ಬರು ಒಂದೇ ಡಬ್ಬಿ ಒಯ್ಯಲು ಬಂದಾಗ ನಾಲ್ಕರ ಕಟ್ಟನ್ನು ಅವರ ಕೈಗಿಡುವುದು ಯಾವ ನ್ಯಾಯ? ಪ್ರಬಲ ಡಬ್ಬಿಗಳನ್ನು ನಿಲ್ಲಿಸಿದ ಮೇಲೆ ಇದರ ಅಗತ್ಯ ಉಳಿಯುವುದಿಲ್ಲ. ಕೇಳಲೇಬೇಕೆಂದಿದ್ದರೆ ರಾತ್ರಿ ಎಂಟರ ನಂತರಕ್ಕೆ ಸೀಮಿತಗೊಳಿಸಿ ಕೇಳಿ. ಅಂಗಡಿಯವರು ಒಪ್ಪಬಹುದು, ನಾನಾಗಿದ್ದರೆ ಒಪ್ಪುತ್ತಿದ್ದೆ.